ನಕ್ಷೆ ಮಾಡುವಾಗಲೇ ಬರೆದಿಟ್ಟುಬಿಡಿ

ನಮ್ಮ ಎಂಎಸ್ಸಿ ಜಿಯೋಗ್ರಫಿಯವರಿಗೆ ಈಗ ಪ್ರಾಜೆಕ್ಟ್ ಸಮಯ. ಹೆಚ್ಚಿನವರು ನಕ್ಷೆಯೆಲ್ಲ ಮುಗಿಸಿಯೇ ರಿಪೋರ್ಟ್ ಬರೆಯಲು ಕೂರುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಸಾಫ್ಟ್‌ವೇರಿನಲ್ಲಿ ಏನು ಮಾಡಿದಿರಿ, ಯಾಕೆ ಹಾಗೇ ಮಾಡಿದಿರಿ ಅಂತ ಅವತ್ತೇ ನಾಲ್ಕು ಸಾಲು ಬರೆದಿಟ್ಟರೆ ಮೆಥಡಾಲಜಿ ಚಾಪ್ಟರ್ ಅರ್ಧ ಮುಗಿದಂತೆ.

ನನ್ನ ವಿಷಯ ಉಡುಪಿ ಕಡೆಯ ಗದ್ದೆಗಳು. ಬೈಲು, ಮಜಲು, ಬೆಟ್ಟು ಅಂತ ನಮ್ಮಲ್ಲಿ ವಿಂಗಡಿಸುತ್ತಾರಲ್ವಾ, ತಗ್ಗಿನ ಬೈಲಿನಲ್ಲಿ ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ ಮೂರೂ ಬೆಳೆ ತೆಗೆಯಬಹುದು, ಮಜಲಿನಲ್ಲಿ ಎರಡು, ಎತ್ತರದ ಬೆಟ್ಟಿನಲ್ಲಿ ಮಳೆಗಾಲದ್ದೊಂದೇ. ಈ ವ್ಯತ್ಯಾಸ ಉಪಗ್ರಹದ ಚಿತ್ರದಲ್ಲಿ ಸಿಗುತ್ತದಾ ಅನ್ನುವುದೇ ಪ್ರಶ್ನೆ.

ಮೊದಲು ಪಿಕ್ಸೆಲ್, ಅಂದರೆ ಚಿತ್ರದ ಒಂದೊಂದು ಚೌಕದ ಲೆಕ್ಕ ಹಾಕಿ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಒಂದು ಪಿಕ್ಸೆಲ್ 30 ಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ 900 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 22 ಸೆಂಟ್ಸ್. 10 ಸೆಂಟ್ಸಿನ ಬೆಟ್ಟು ಗದ್ದೆ ಅದರೊಳಗೆ ಪಕ್ಕದ ತೆಂಗಿನ ತೋಟ, ಮನೆ, ರಸ್ತೆಯ ಜೊತೆ ಸೇರಿಹೋಗುತ್ತದೆ. ಯುರೋಪಿನ ಸೆಂಟಿನೆಲ್-2ರ ಪಿಕ್ಸೆಲ್ 10 ಮೀಟರ್, ಸುಮಾರು ಎರಡೂವರೆ ಸೆಂಟ್ಸ್, ಹಾಗಾಗಿ ಅದೇ ಗದ್ದೆಗೆ ನಾಲ್ಕು ಪಿಕ್ಸೆಲ್‌ನಷ್ಟು ಜಾಗ ಸಿಗುತ್ತದೆ. ಆದರೆ ಅದರ ಮೊದಲ ಉಪಗ್ರಹ ಹಾರಿದ್ದೇ 2015ರಲ್ಲಿ. ಮೂವತ್ತು ವರ್ಷದ ಹಿಂದಿನ ಚಿತ್ರ ಬೇಕಾದರೆ ಲ್ಯಾಂಡ್‌ಸ್ಯಾಟ್ ಬೇಕೇ ಬೇಕು. ಯಾವುದನ್ನು ಆರಿಸಿದಿರಿ, ಅದರಿಂದ ಏನು ಕಳೆದುಕೊಂಡಿರಿ, ಎರಡನ್ನೂ ರಿಪೋರ್ಟಿನಲ್ಲಿ ಬರೆಯಬೇಕು. ಓದುವವರಿಗೆ ನಿಮ್ಮ ನಕ್ಷೆಯನ್ನು ಎಷ್ಟು ನಂಬಬಹುದು ಅಂತ ಗೊತ್ತಾಗುವುದು ಅಲ್ಲೇ.

ಏಣೆಲಿನ ಸಮಯದಲ್ಲಿ ಇನ್ನೊಂದು ತೊಂದರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮೇಲೆ ಮೋಡವೇ ಮೋಡ. ಆಗ ಸೆಂಟಿನೆಲ್-1 ನೋಡಿ, ಅದು ರೇಡಾರ್, ಮೋಡ ದಾಟಿ ಕಾಣುತ್ತದೆ.

ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಹೊಸಬರು ಮೊದಲು ಕಲಿಯಬೇಕಾದ್ದು ಬಣ್ಣ ತುಂಬುವುದಲ್ಲ, ನಿರ್ದೇಶಾಂಕ ವ್ಯವಸ್ಥೆ, ಅಂದರೆ ನೆಲದ ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮ. ಇಂಥ ಒಂದೊಂದು ವ್ಯವಸ್ಥೆಗೂ ಇಪಿಎಸ್‌ಜಿ ಅಂತ ಒಂದು ನಂಬರ್ ಇರುತ್ತದೆ. ಡೌನ್‌ಲೋಡ್ ಮಾಡಿದ ಲೇಯರ್ (ನಕ್ಷೆಯ ಒಂದು ಪದರ) ಎಷ್ಟೋ ಸಲ ಇಪಿಎಸ್‌ಜಿ 4326ರಲ್ಲಿ ಇರುತ್ತದೆ, ಅದರ ಅಳತೆ ಡಿಗ್ರಿಯಲ್ಲಿ. ತೋಡಿನ ಸುತ್ತ 100 ಮೀಟರ್ ಬಫರ್ (ಸುತ್ತಲಿನ ಪಟ್ಟಿ) ಬೇಕು ಅಂತ ಸುಮ್ನೆ 100 ಅಂತ ಹಾಕಿದರೆ ಅದು 100 ಡಿಗ್ರಿ ಅಂತಲೇ ತಗೊಳ್ಳುತ್ತದೆ. ಒಂದು ಡಿಗ್ರಿಯೇ ಸುಮಾರು 111 ಕಿಲೋಮೀಟರ್! ಮಂಗಳೂರು, ಉಡುಪಿ ಎರಡೂ ಮೀಟರಿನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆಯ 43 ಉತ್ತರ ವಲಯದಲ್ಲಿ ಬರುತ್ತವೆ, ಅದರ ನಂಬರ್ ಇಪಿಎಸ್‌ಜಿ 32643. ಲೇಯರನ್ನು ಅದಕ್ಕೆ ಬದಲಾಯಿಸಿ, ಅಂದರೆ ರೀಪ್ರೊಜೆಕ್ಟ್ ಮಾಡಿ, ಆಮೇಲೆ ಅಳೆಯಿರಿ, ನಂಬರನ್ನು ನೋಟ್ಸಿನಲ್ಲಿ ಬರೆದುಕೊಳ್ಳಿ. ಊರಿನ ಹೆಸರು ಕನ್ನಡದಲ್ಲಿ ಹಾಕುವವರು ಶೇಪ್‌ಫೈಲ್ ಬಿಟ್ಟು ಜಿಯೋಪ್ಯಾಕೇಜ್ ಅನ್ನುವ ಫೈಲ್ ಮಾದರಿಯಲ್ಲಿ ಸೇವ್ ಮಾಡುವುದು ಒಳ್ಳೆಯದು. ಶೇಪ್‌ಫೈಲ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ಕ್ರಮ) ಹೊಂದದಿದ್ದರೆ ಕನ್ನಡ ಓದಲು ಬರುವುದಿಲ್ಲ.

ಇನ್ನು ಬರವಣಿಗೆ. "ಗದ್ದೆ ತುಂಬ ಕಡಿಮೆಯಾಗಿದೆ" ಅಂತ ಬರೆದರೆ ಅದನ್ನು ಯಾರೂ ಪರೀಕ್ಷಿಸಲು ಆಗುವುದಿಲ್ಲ. ಯಾವ ಗ್ರಾಮ, ಯಾವ ಎರಡು ವರ್ಷ, ಎರಡೂ ಚಿತ್ರ ಒಂದೇ ತಿಂಗಳದ್ದಾ? ನವೆಂಬರ್‌ನಲ್ಲಿ ಹಸಿರಾಗಿರುವ ಬೈಲು ಮೇ ತಿಂಗಳಲ್ಲಿ ಒಣಗಿರುತ್ತದೆ. ಒಂದು ವರ್ಷದ ನವೆಂಬರನ್ನು ಇನ್ನೊಂದು ವರ್ಷದ ಮೇ ಜೊತೆ ಹೋಲಿಸಿದರೆ, ಇರುವ ಗದ್ದೆಯೂ ನಕ್ಷೆಯಲ್ಲಿ ಮಾಯ.

ಓದಲು ಶೋಧಗಂಗಾ ವೆಬ್‌ಸೈಟಿನಲ್ಲಿ ದೇಶದ ಪಿಎಚ್‌ಡಿ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯಕ್ಕೆ ಹತ್ತಿರದ್ದೊಂದು ತೆಗೆದು ಮೆಥಡಾಲಜಿಯಿಂದಲೇ ಶುರು ಮಾಡಿ. ಡೆಹ್ರಾಡೂನ್‌ನ ಉಪಗ್ರಹ ಚಿತ್ರಗಳ ತರಬೇತಿ ಸಂಸ್ಥೆ ಐಐಆರ್‌ಎಸ್ ಉಚಿತ ಆನ್‌ಲೈನ್ ಕೋರ್ಸ್ ನಡೆಸುತ್ತದೆ, ಇಸ್ರೋದ ಭುವನ್ ವೆಬ್‌ಸೈಟಿನಲ್ಲಿ ನೆಲದ ಎತ್ತರದ ಡೇಟಾ ಇದೆ. ಆಕರಗಳನ್ನು ಅವುಗಳ ಪಟ್ಟಿ ಇಡುವ ಸಾಫ್ಟ್‌ವೇರ್ ಝೊಟೆರೊದಲ್ಲಿ ಸೇರಿಸುತ್ತಾ ಹೋಗಿ. ಬೇರೆಯವರ ವಾಕ್ಯ ನೋಟ್ಸಿಗೆ ಇಳಿಸಿಕೊಂಡರೆ ಪುಟದ ಸಂಖ್ಯೆ ಸಮೇತ ಉದ್ಧರಣ ಚಿಹ್ನೆಯೊಳಗೆ ಹಾಕಿ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಬೇರೆ ಬರಹಗಳ ಜೊತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದಕ್ಕಿಂತ ಜಾಸ್ತಿ, ಶೇ 40ರವರೆಗಾದರೆ ತಿದ್ದಿ ಮತ್ತೆ ಕೊಡಬೇಕಾಗುತ್ತದೆ.

ಕೊಳಕೆ ಗದ್ದೆ ಕಣ್ಣಾರೆ ನೋಡಬೇಕಾದವರು ಫೆಬ್ರವರಿ, ಮಾರ್ಚ್‌ನಲ್ಲೇ ಹೋಗಿ ಬನ್ನಿ. ಫೋನಿನಲ್ಲಿ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಂಡರೆ ಗದ್ದೆಯ ಬದುವಿನ ಮೇಲೆ ನಿಂತೇ ಗುರುತು ಮಾಡಿಕೊಳ್ಳಬಹುದು, ಅಲ್ಲಿ ಕೆಲಸ ಮಾಡುತ್ತಿರುವವರ ಹತ್ತಿರ ಇದು ಬೈಲಾ ಮಜಲಾ ಅಂತ ಕೇಳಿ ಆಗಲೇ ತುಂಬಿಸಲೂಬಹುದು.