ಲಕ್ಕುಂಡಿಯಲ್ಲಿ ಸಾಲಿಲ್ಲದ ದರ್ಶನ

ಗದಗಿನಲ್ಲಿ ವೀರನಾರಾಯಣನಿಗೂ ತ್ರಿಕೂಟೇಶ್ವರನಿಗೂ ಕೈ ಮುಗಿದವರು ಸಾಮಾನ್ಯವಾಗಿ ನೇರ ಹಂಪಿ ಕಡೆ ಹೊರಟುಬಿಡುತ್ತಾರೆ. ಅದೇ ದಾರಿಯಲ್ಲಿ, ಸುಮಾರು 12 ಕಿಲೋಮೀಟರ್ ದೂರದಲ್ಲಿ, ಲಕ್ಕುಂಡಿ ಸಿಗುತ್ತದೆ. ಗಾಡಿ ನಿಲ್ಲಿಸುವವರು ಕಡಿಮೆ. ನೂರೊಂದು ಗುಡಿ, ನೂರೊಂದು ಬಾವಿ ಇದ್ದ ಊರು ಅಂತ ಪ್ರತೀತಿ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ಪಟ್ಟಣ, ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇದ್ದ ಜಾಗ. 12ನೇ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಇದನ್ನೇ ರಾಜಧಾನಿ ಮಾಡಿಕೊಂಡಿದ್ದ. ಈಗ ಓಣಿಯಲ್ಲಿ ನಡೆಯುತ್ತಿದ್ದರೆ ಮನೆಗಳ ಮಧ್ಯೆ ಥಟ್ಟನೆ ಗುಡಿ ಎದುರಾಗುತ್ತದೆ.

ಕಾಶಿವಿಶ್ವೇಶ್ವರ ಗುಡಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆತ್ತನೆಯಲ್ಲ. ಬಾಗಿಲವಾಡದ ಬಳ್ಳಿ, ತಿರುಗಣೆಗೆ ಹಾಕಿ ಕಡೆದ ಕಂಬ, ಇವನ್ನು ಹೊಗಳಲು ಬೇಕಾದಷ್ಟು ಜನ ಇದ್ದಾರೆ. ಶಿವನ ಎದುರು ನಂದಿ ಇರುವುದು ವಾಡಿಕೆ, ಅಲ್ವಾ? ಇಲ್ಲಿ ಅದೇ ಜಗತಿಯ ಮೇಲೆ ಎದುರಿಗಿರುವುದು ಸೂರ್ಯನ ಗುಡಿ. ಶಿವನದ್ದು ಪೂರ್ವಕ್ಕೆ ಮುಖ, ಸೂರ್ಯನದ್ದು ಪಶ್ಚಿಮಕ್ಕೆ. ಲೋಕವೆಲ್ಲ ಬೆಳಗಾದರೆ ಯಾರಿಗೆ ಕೈ ಮುಗಿಯುತ್ತದೋ ಅವನೂ ಇಲ್ಲಿ ಭಕ್ತನ ಜಾಗದಲ್ಲಿ ನಿಂತಿದ್ದಾನೆ. ಅವರಿಬ್ಬರ ನಡುವೆ ನಿಂತಾಗ ನಾನು ಅಡ್ಡ ಬಂದೆನೇನೋ ಅನ್ನಿಸಿ ಸ್ವಲ್ಪ ಪಕ್ಕಕ್ಕೆ ಸರಿದೆ.

ದೊಡ್ಡ ಕ್ಷೇತ್ರಗಳಲ್ಲಿ ನಮಗೆ ಸಿಗುವುದು ಕ್ಷಣದ ದರ್ಶನ. ತಾಸುಗಟ್ಟಲೆ ಸಾಲಿನಲ್ಲಿ ನಿಂತು, ಕೇಳಬೇಕಾದ್ದನ್ನೆಲ್ಲ ಮೊದಲೇ ಜೋಡಿಸಿಕೊಂಡು, ದೇವರ ಮುಂದೆ ಬಂದ ತಕ್ಷಣ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ‘ನಡೀರಿ, ನಡೀರಿ’ ಅನ್ನುವವರು ಬೆನ್ನಿಗೇ ಇರುತ್ತಾರೆ. ಇಲ್ಲಿ ಯಾರೂ ತಳ್ಳಲಿಲ್ಲ. ಮಗಳ ಕೆಲಸ, ಮೊಣಕಾಲು ನೋವು, ಮನೆ ಸಾಲ, ಎಲ್ಲ ಹೇಳಿ ಮುಗಿಯಿತು. ಆಮೇಲೂ ಸಮಯ ಉಳಿದಿತ್ತು. ಕೇಳುವುದೆಲ್ಲ ಮುಗಿದ ಮೇಲೆ ದೇವರ ಮುಂದೆ ಏನು ಮಾಡಬೇಕು? ಅದು ನನಗೆ ರೂಢಿಯೇ ಇಲ್ಲ. ಸುಮ್ನೆ ಕೂತೆ. ಮನಸ್ಸು ಬಸ್ಸಿನ ಹೊತ್ತು, ಊಟ ಅಂತ ಎಲ್ಲೆಲ್ಲೋ ಅಲೆಯಿತು. ಒಂದಷ್ಟು ಹೊತ್ತಿಗೆ ಅದಕ್ಕೂ ಸಾಕಾಯಿತು. ಭಕ್ತಿ ಅಂದರೆ ಇದೇ ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಸಾಲಿನಲ್ಲಿ ನಿಂತು ಇದು ಎಂದೂ ಸಿಕ್ಕಿರಲಿಲ್ಲ.

ಇಲ್ಲಿನ ಬಾವಿಗಳನ್ನೂ ನೋಡಲೇಬೇಕು. ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲೇ ಮುಸುಕಿನ ಬಾವಿ ಇದೆ. ಇಲ್ಲಿನ ಮೆಟ್ಟಿಲ ಬಾವಿಗಳ ಗೋಡೆಯಲ್ಲಿ ಪುಟ್ಟ ಪುಟ್ಟ ಗೂಡುಗಳು, ಗೂಡುಗಳಲ್ಲಿ ಲಿಂಗ. ಕೊಡ ಹಿಡಿದು ಇಳಿಯುವ ಹೆಂಗಸಿಗೆ ಗುಡಿಗೆ ಹೋಗಲು ಬಿಡುವು ಸಿಗಲಿ, ಬಿಡಲಿ, ಇಳಿಯುವಾಗಲೂ ಹತ್ತುವಾಗಲೂ ಶಿವ ಪಕ್ಕದಲ್ಲೇ. ಕಟ್ಟಿದವರು ಇದನ್ನೇ ಯೋಚಿಸಿ ಇಟ್ಟರು ಅಂತ ನನ್ನ ನಂಬಿಕೆ.

ಇನ್ನು ಅತ್ತಿಮಬ್ಬೆ. 1007ರಲ್ಲಿ ಇಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ತಾಯಿ. ಗಂಡ ನಾಗದೇವ ತೀರಿಕೊಂಡಾಗ ಅವನ ಇನ್ನೊಬ್ಬ ಹೆಂಡತಿ, ಈಕೆಯ ತಂಗಿ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಮಗನನ್ನು ಬೆಳೆಸಿದಳು, ಉಳಿದ ಬದುಕನ್ನು ದಾನಕ್ಕೆ ಕೊಟ್ಟಳು. ರನ್ನನಂಥ ಕವಿಗೆ ಆಶ್ರಯ ಕೊಟ್ಟಳು. ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದಳು. ಅಚ್ಚುಕೂಟ ಇಲ್ಲದ ಕಾಲ, ಒಂದೊಂದು ಗರಿಯನ್ನೂ ಕೈಯಲ್ಲೇ ಬರೆಯಬೇಕು. ನಾನು ಶೈವರ ಮನೆಯವಳು, ಆಕೆ ಜಿನಭಕ್ತೆ. ಆದರೂ ಆ ಬಸದಿಯ ಹೊಸ್ತಿಲಲ್ಲಿ ತಲೆ ತಾನಾಗಿಯೇ ಬಾಗಿತು.

ಹರಕೆಯ ದುಡ್ಡು ಒಂದಷ್ಟು ತೆಗೆದಿಟ್ಟಿದ್ದೆ. ಈ ಶಿವರಾತ್ರಿಗೆ ಅದರಲ್ಲಿ ಓಣಿಯ ಶಾಲೆಗೆ ಪುಸ್ತಕ ಕೊಡಿಸೋಣ ಅಂದುಕೊಂಡಿದ್ದೇನೆ. ಅತ್ತೆಗೆ ಇದು ಅಷ್ಟಾಗಿ ಒಪ್ಪಿಗೆಯಾಗಿಲ್ಲ. ಕಾಯಿ ಒಡೆಸದಿದ್ದರೆ ಹರಕೆ ಹೇಗೆ ತೀರುತ್ತದೆ ಅನ್ನುತ್ತಾರೆ. ಪುಸ್ತಕದ ಕಟ್ಟಿನ ಮುಂದೆಯೇ ಒಂದು ಕಾಯಿ ಒಡೆಸುವುದು ಅಂತ ಸದ್ಯಕ್ಕೆ ರಾಜಿಯಾಗಿದೆ.