ಕಿವಿಯಿಂದ ಕಲಿತ ಫ್ರೆಂಚ್

ನಮ್ಮ ಕಾಲೇಜಿನಲ್ಲಿ ಎರಡನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡವರು ಕೆಲವೇ ಜನ. ಹಾಗಾಗಿ ಒಬ್ಬೊಬ್ಬರ ಉಚ್ಚಾರವನ್ನೂ ಕೇಳಿ ತಿದ್ದಲು ಮೇಡಂಗೆ ಪುರುಸೊತ್ತಿರುತ್ತಿತ್ತು. ಕ್ರಿಯಾಪದದ ರೂಪಗಳನ್ನು ಅವರು ಮೊದಲು ಬಾಯಲ್ಲಿ ಹೇಳಿಸುತ್ತಿದ್ದರು, ಬೋರ್ಡಿಗೆ ಬರೆಯುತ್ತಿದ್ದದ್ದು ಆಮೇಲೆ. ಆ ಕ್ರಮಕ್ಕೆ ನಾನು ಇಂದಿಗೂ ಋಣಿ.

ಮಾತಾಡುವುದಕ್ಕೆ 'ಪಾರ್‌ಲೇ'. ನಾನು, ನೀನು, ಅವನು, ಅವರು ಈ ನಾಲ್ಕಕ್ಕೂ ವರ್ತಮಾನದಲ್ಲಿ ಕೇಳುವುದು 'ಪಾರ್ಲ್' ಎಂಬ ಒಂದೇ ಉಚ್ಚಾರಾಂಶ. 'ನೀನು' ಬಂದಾಗ ಕೊನೆಗೆ ಎಸ್, 'ಅವರು' ಬಂದಾಗ ಇ-ಎನ್-ಟಿ ಬರೆಯುತ್ತಾರೆ, ಓದುವುದಿಲ್ಲ. 'ನು ಪಾರ್‌ಲೋಂ', 'ವು ಪಾರ್‌ಲೇ' ಎಂಬ 'ನಾವು', 'ನೀವು' ರೂಪಗಳಲ್ಲಿ ಮಾತ್ರ ಎರಡು ಉಚ್ಚಾರಾಂಶ. ಕನ್ನಡದ ನಾಲಿಗೆ ವ್ಯಂಜನದಲ್ಲಿ ನಿಲ್ಲಲು ಒಪ್ಪದೆ 'ಪಾರ್ಲು' ಎನ್ನುತ್ತದೆ. "ಉಕಾರ ಬೇಡ ಕಣ್ರೋ, ಲಕಾರದಲ್ಲೇ ನಿಲ್ಲಿಸಿ" ಎನ್ನುತ್ತಿದ್ದರು ಮೇಡಂ.

ಕರೆಯುವುದಕ್ಕೆ 'ಆಪ್‌ಲೇ'. 'ನಾವು' ಎಂದಾಗ 'ನು ಜ಼ಾಪ್‌ಲೋಂ', ಬರೆಯುವಾಗ ಒಂದೇ ಎಲ್. 'ನಾನು' ಎಂದಾಗ 'ಜಾಪೆಲ್', ಎರಡು ಎಲ್. ಇದನ್ನು ಅಪವಾದವೆಂದು ಉರುಹೊಡೆಯಲು ಅವರು ಬಿಡಲಿಲ್ಲ. 'ಜಾಪೆಲ್' ಕೊನೆಗೆ ಬರೆಯುವ ಇ (e) ಅಕ್ಷರ ಮೌನವಾದ್ದರಿಂದ ಉಚ್ಚಾರಾಂಶ ಲಕಾರದಲ್ಲೇ ಮುಚ್ಚಿಕೊಳ್ಳುತ್ತದೆ. ಆಗ ಅದರೊಳಗಿನ, ಪಕಾರ-ಲಕಾರಗಳ ನಡುವೆ ಬರೆದರೂ ಕೇಳದಿದ್ದ ಇ ಅಡಗಿರಲಾರದು, ಎಕಾರವಾಗಿ ತೆರೆದುಕೊಳ್ಳುತ್ತದೆ. ಜೋಡಿ ಎಲ್ ಆ ಎಕಾರದ ಗುರುತು. ಕೊಳ್ಳುವುದಕ್ಕಿರುವ 'ಆಶ್‌ತೇ'ಯಲ್ಲೂ ಇದೇ ಕಾರಣ, ಆದರೆ 'ಜಾಶೆತ್' ಎನ್ನುವಾಗ ಅಲ್ಲಿ ಅಕ್ಷರ ಇಮ್ಮಡಿಸುವ ಬದಲು ಇ ಮೇಲೊಂದು ಗೆರೆ ಬೀಳುತ್ತದೆ. ಇಷ್ಟು ಚೆನ್ನಾಗಿ ವ್ಯಾಕರಣದ ಕಾರಣ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಬರವಣಿಗೆಯ ವಿಭಜನೆ ಬೇರೆ, ಬಾಯಿಯದು ಬೇರೆ ಎಂಬುದನ್ನೂ ಅವರೇ ಬಿಡಿಸಿದ್ದು. 'ಫಿನಿಸೋಂ' (ಮುಗಿಸುತ್ತೇವೆ) ಎಂಬುದನ್ನು ಸಾಲಿನ ತುದಿಯಲ್ಲಿ ಮುರಿದರೆ ಜೋಡಿ ಎಸ್ ನಡುವೆ ಗೆರೆ ಬರುತ್ತದೆ, ಹೇಳುವಾಗ ಫಿ-ನಿ-ಸೋಂ. 'ಇಲ್ ಜ಼ೋಂ' ಎಂದರೆ ಅವರ ಬಳಿ ಇದೆ, 'ಇಲ್ ಸೋಂ' ಎಂದರೆ ಅವರು ಇದ್ದಾರೆ. ಮೊದಲನೆಯದರಲ್ಲಿ 'ಇಲ್'ನ ಮೌನ ಎಸ್ ಮುಂದಿನ ಸ್ವರಕ್ಕೆ ಅಂಟಿ ಜ಼ಕಾರವಾಗುತ್ತದೆ. ಇವೆರಡನ್ನು ಉಕ್ತಲೇಖನದಲ್ಲಿ ಕೊಡದ ವಾರವೇ ಇರಲಿಲ್ಲ.

ಕೊನೆಯ ವರ್ಷ ಹನ್ನೆರಡು ಉಚ್ಚಾರಾಂಶಗಳ ಅಲೆಕ್ಸಾಂದ್ರ್ಯಾಂ ಸಾಲುಗಳನ್ನು ಓದಿಸಿದರು. ಕನ್ನಡ ಪದ್ಯಕ್ಕೆ ಲಘು-ಗುರು ಹಾಕಿ ಬಂದಿದ್ದ ನಾವು ಇಲ್ಲಿ ಮಾತ್ರೆ ಬಿಟ್ಟು ಉಚ್ಚಾರಾಂಶವನ್ನಷ್ಟೇ ಎಣಿಸಬೇಕಿತ್ತು. ಹಳೆಯ ಪದ್ಯದಲ್ಲಿ, ವ್ಯಂಜನದ ಮುಂದೆ, ಮಾತಿನಲ್ಲಿ ಅಡಗಿದ್ದ ಆ ಕೊನೆಯ ಇ ಕೂಡ ಲೆಕ್ಕಕ್ಕೆ ಬರುತ್ತದೆ: 'ಪಾರ್ಲ್' ಅಲ್ಲಿ ಪಾರ್-ಲ, ಎರಡು.