27ನೇ ಲೈಸಿನ್‌ನ ಒಂದೇ ಸೀಟು

ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಾದ ಹಿಸ್ಟೋನ್ ಎಚ್3ರ 27ನೇ ಸ್ಥಾನದ ಅಮೈನೋ ಆಮ್ಲ ಲೈಸಿನ್‌. ಅದರಲ್ಲಿ ಇರುವುದು ಒಂದೇ ಸೀಟು: ಅಸಿಟೈಲ್ ಗುರುತು ಕೂರಬೇಕು, ಇಲ್ಲವೇ ಮೀಥೈಲ್ ಗುರುತು. ಪಿ300 ಎಂಬ ಕಿಣ್ವ ಅಸಿಟೈಲ್ ಕೂರಿಸಿದರೆ ಲೈಸಿನ್‌ನ ಧನ ಆವೇಶ ಹೋಗುತ್ತದೆ, ಜೀನ್ ಓದಿಗೆ ದಾರಿ ಸಲೀಸು. ಇಝಡ್‌ಎಚ್2 ಎಂಬ ಇನ್ನೊಂದು ಕಿಣ್ವ ಮೂರು ಮೀಥೈಲ್ ಹಚ್ಚಿದರೆ ಜೀನ್ ಅಡಗಿಸುವ ಪಾಲಿಕೋಂಬ್ ಪ್ರೋಟೀನುಗಳು ಬಂದು ಬಾಗಿಲು ಹಾಕುತ್ತವೆ.

ಈ ಗುರುತನ್ನು ಚಿಪ್‌ನಲ್ಲಿ (ChIP: ಗುರುತಿರುವ ಡಿಎನ್‌ಎ-ಪ್ರೋಟೀನು ತುಂಡುಗಳನ್ನು ಆಂಟಿಬಾಡಿಯಿಂದ ಹೆಕ್ಕುವ ಪ್ರಯೋಗ) ಹಿಡಿಯುವಾಗ ಕೆಡುವುದು ಹೆಚ್ಚಾಗಿ ಮೊದಲ ಹತ್ತು ನಿಮಿಷದಲ್ಲೇ. ಪ್ರೋಟೀನನ್ನು ಡಿಎನ್‌ಎಗೆ ಬೆಸೆಯಲು 1% ಫಾರ್ಮಾಲ್ಡಿಹೈಡ್, ಕೋಣೆಯ ಉಷ್ಣತೆ, 10 ನಿಮಿಷ. ಆಮೇಲೆ 125 ಮಿಲಿಮೋಲಾರ್ ಗ್ಲೈಸಿನ್ ಹಾಕಿ ನಿಲ್ಲಿಸಬೇಕು. 'ಇನ್ನೈದು ನಿಮಿಷ ಇರಲಿ' ಅಂದರೆ ಕ್ರೊಮ್ಯಾಟಿನ್ (ಡಿಎನ್‌ಎ-ಹಿಸ್ಟೋನ್ ಹೆಣಿಗೆ) ಗಟ್ಟಿಯಾಗಿ, ಶಬ್ದದ ಅಲೆಯಿಂದ ತುಂಡರಿಸುವ ಸಾನಿಕೇಟರ್‌ಗೆ ಬಗ್ಗುವುದಿಲ್ಲ, ಆಂಟಿಬಾಡಿ ಹಿಡಿಯಬೇಕಾದ ಜಾಗವೂ ಮುಚ್ಚಿಹೋಗುತ್ತದೆ. ತುಂಡುಗಳು 200ರಿಂದ 500 ಬೇಸ್ ಜೋಡಿ ಇರಲಿ. ಜೆಲ್‌ನಲ್ಲಿ ನೋಡದೆ ಮುಂದೆ ಹೋಗಬೇಡಿ. ಸಾನಿಕೇಟರ್ ಓಡುವಾಗ ನೊರೆ ಬಂತೋ, ಶಕ್ತಿ ವ್ಯರ್ಥ. ಬಫರ್‌ಗೆ ಸೋಡಿಯಂ ಬ್ಯುಟಿರೇಟ್ ಸೇರಿಸಿದರೆ ಅಸಿಟೈಲ್ ಕೀಳುವ ಕಿಣ್ವಗಳಾದ ಡಿಅಸಿಟೈಲೇಸ್‌ಗಳು ಗುರುತನ್ನು ಅಳಿಸುವ ಭಯ ಕಮ್ಮಿ. ಬಂದ ಸಂಖ್ಯೆಯನ್ನು ಒಟ್ಟು ಎಚ್3ಕ್ಕೆ ಹೋಲಿಸದಿದ್ದರೆ ಗುರುತು ಕಮ್ಮಿಯಾಯಿತೋ, ನ್ಯೂಕ್ಲಿಯೋಸೋಮೇ (ಡಿಎನ್‌ಎ ಸುತ್ತಿದ ಹಿಸ್ಟೋನ್ ಉಂಡೆ) ಇಲ್ಲವೋ ಗೊತ್ತಾಗದು.

ಅಷ್ಟಾದರೂ ಒಂದು ಕೊರೆತ ಉಳಿಯುತ್ತದೆ: ಗುರುತಿನಿಂದ ಜೀನ್ ಓಡಿತೋ, ಜೀನ್ ಓಡಿದ್ದರಿಂದ ಗುರುತು ಬಿತ್ತೋ? ಚಿಪ್ ಇದನ್ನು ಹೇಳುವುದಿಲ್ಲ. ಡಿಎನ್‌ಎಯಲ್ಲಿ ಹೇಳಿದ ಜಾಗಕ್ಕೆ ಹೋಗಿ ಕೂರುವ, ಆದರೆ ಕತ್ತರಿಸಲಾರದ ಕ್ಯಾಸ್9 ಪ್ರೋಟೀನಿಗೆ ಪಿ300ರ ಕ್ರಿಯಾಭಾಗ ಜೋಡಿಸಿ ಬೇಕಾದ ಪ್ರಮೋಟರ್‌ಗೆ (ಜೀನ್ ಓದು ಶುರುವಾಗುವ ಜಾಗ) ಕಳಿಸಿ, ಆರ್‌ಎನ್‌ಎ ಅಳೆಯಬೇಕು. ಪಕ್ಕದಲ್ಲೇ ಕ್ರಿಯೆ ಸತ್ತ ಪಿ300ರ ಕಂಟ್ರೋಲ್ ಕೂಡ.